ಮಗಳಿಗೊಂದು ಪತ್ರ: ಈ ವರ್ಷ ನೀನು ಬಚ್ಚಿಡುವುದನ್ನು ಬಿಟ್ಟೆ

ಪ್ರೀತಿಯ ಮಗಳೇ,

ಶಾಲೆಯಿಂದ ನಿನ್ನ ವರ್ಷದ ವರದಿ ಬಂದಿದೆ. ಅಂಕಗಳು ಚೆನ್ನಾಗಿವೆ. ಇತಿಹಾಸದ ಪ್ರಾಜೆಕ್ಟಿಗೆ ಬಹುಮಾನ, ವಿಜ್ಞಾನದಲ್ಲಿ ತರಗತಿಗೆ ಎರಡನೇ ಸ್ಥಾನ. ಅಪ್ಪ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ನನಗೂ ಹೆಮ್ಮೆಯೇ. ಆದರೆ ನಿನ್ನಲ್ಲಿ ನಾನು ಕಂಡ ದೊಡ್ಡ ಬದಲಾವಣೆಯೊಂದು ಆ ವರದಿಯಲ್ಲಿ ಎಲ್ಲೂ ಇಲ್ಲ. ಅದನ್ನು ಬರೆದೇ ತಿಳಿಸಬೇಕು ಅನ್ನಿಸಿತು. ಎದುರಿಗೆ ಕೂರಿಸಿಕೊಂಡು ಹೇಳಿದರೆ ನೀನು "ಸಾಕಮ್ಮಾ" ಅಂತ ಎದ್ದು ಹೋಗುತ್ತೀಯ.

ಈ ವರ್ಷ ನೀನು ಬಚ್ಚಿಡುವುದನ್ನು ಬಿಟ್ಟೆ.

ಈ ಶಾಲೆಗೆ ಸೇರಿದ ಹೊಸತರಲ್ಲಿ ನಿನ್ನ ಗಣಿತದ ಉತ್ತರ ಪತ್ರಿಕೆ ಅಟ್ಲಾಸಿನ ನಡುವೆ ಮಡಚಿಕೊಂಡು ಕೂತಿತ್ತು, ನೆನಪಿದೆಯಾ? ಕೇಳಿದರೆ "ಇನ್ನೂ ಕೊಟ್ಟಿಲ್ಲ" ಅಂದಿದ್ದೆ. ನಾನು ಬೈಯಲಿಲ್ಲ. ಟೀಚರಿಗೆ ತೋರಿಸಿ ಮಾತಾಡಿಕೊಂಡು ಬಾ ಅಂತ ಮಾತ್ರ ಹೇಳಿದೆ. ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ತಪ್ಪಾದ ಲೆಕ್ಕವನ್ನು ತಾವು ತಿದ್ದಿಕೊಡಲಿಲ್ಲ. ಯಾವ ಸಾಲಿನಲ್ಲಿ ದಾರಿ ತಪ್ಪಿತು ಅಂತ ನಿನ್ನ ಕೈಯಿಂದಲೇ ಹುಡುಕಿಸಿ, ಪಕ್ಕದಲ್ಲಿ ಬರೆಸಿದರು. ನೋಡಿದರೆ ಎಲ್ಲ ಕಡೆಯೂ ಒಂದೇ ಎಡವಟ್ಟು. ಕಂಸದ ಹಿಂದೆ ಮೈನಸ್ ಇದ್ದಾಗ ಮೊದಲ ಪದದ ಚಿಹ್ನೆ ಬದಲಿಸುತ್ತಿದ್ದೆ, ಎರಡನೆಯದನ್ನು ಹಾಗೇ ಬಿಡುತ್ತಿದ್ದೆ. ನಿನಗೆ ಗಣಿತವೇ ಬರುವುದಿಲ್ಲ ಅಂದುಕೊಂಡಿದ್ದೆಯಲ್ಲ, ನಿಜವಾಗಿ ನಿನಗೆ ಬರದೇ ಇದ್ದದ್ದು ಅದೊಂದೇ. ಪತ್ರಿಕೆ ಅಟ್ಲಾಸಿನಲ್ಲೇ ಉಳಿದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ದಿನಗಳಲ್ಲೇ ನಿಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಓದಿದರು ಅಂತ ನೀನು ಮನೆಗೆ ಬಂದು ಹೇಳಿದೆ. ಯಜಮಾನ ಊರು ಬಿಟ್ಟು ಹೋಗುವಾಗ ಒಬ್ಬ ಆಳಿಗೆ ಐದು ತಲಾಂತು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ಕೊಟ್ಟ ಕಥೆ. ಒಂದು ಸಿಕ್ಕವನ ಮೇಲೆ ನಿನಗೆ ಕನಿಕರ. "ಪಾಪ, ಅವನಿಗೆ ಕೊಟ್ಟಿದ್ದೇ ಕಡಿಮೆ ಅಲ್ವಾ?" ಅಂದೆ. ಆಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ತಲಾಂತು ಅಂದರೆ ಸುಮಾರು 6000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ವಾರಕ್ಕೊಂದು ದಿನದ ರಜೆ ಕಳೆದರೆ ಹೆಚ್ಚು ಕಡಿಮೆ ಇಪ್ಪತ್ತು ವರ್ಷದ ದುಡಿಮೆ! ನಿನ್ನ ಕಣ್ಣು ಅಗಲವಾಯಿತು. ಉಳಿದಿಬ್ಬರು ತಮ್ಮದನ್ನು ದುಡಿಸಿ ಎರಡರಷ್ಟು ಮಾಡಿದರು. ಒಂದು ಸಿಕ್ಕವನು ಮಾತ್ರ ಅಷ್ಟು ದೊಡ್ಡ ಗಂಟನ್ನು ನೆಲ ಅಗೆದು ಹೂತಿಟ್ಟ. ಯಾಕೆ ಅಂತ ಕೇಳಿದಾಗ ಅವನು ಕೊಟ್ಟ ಕಾರಣ ಹೆದರಿಕೆ.

ಇನ್ನೊಂದು ವಿಷಯ ನೀನೇ ಕಂಡುಹಿಡಿದೆ. ಐದು ತಲಾಂತಿನವನಿಗೂ ಎರಡು ತಲಾಂತಿನವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು ಒಂದೇ. 21ನೇ ವಚನಕ್ಕೂ 23ನೇ ವಚನಕ್ಕೂ ಬೆರಳಿಟ್ಟು ತೋರಿಸಿದೆ. ಹೆಚ್ಚು ತಂದವನಿಗೆ ಒಂದು ಮಾತೂ ಜಾಸ್ತಿ ಇಲ್ಲ. ವಿಜ್ಞಾನದಲ್ಲಿ ಮೊದಲ ಸ್ಥಾನ ಬಂದ ನಿನ್ನ ಗೆಳತಿಯ ಸಂತೋಷದಲ್ಲಿ ಈ ಸಲ ನೀನು ಮನಸಾರೆ ಸೇರಿಕೊಂಡೆ. ಹಿಂದೆ ಅದು ನಿನಗೆ ಕಷ್ಟವಾಗುತ್ತಿತ್ತು.

ನಿನ್ನನ್ನು ಕ್ರೈಸ್ತ ಶಾಲೆಗೆ ಸೇರಿಸುವಾಗ ನನ್ನ ಮನಸ್ಸಿನಲ್ಲಿ ಒಂದು ಅಳುಕಿತ್ತು. ಇದನ್ನು ನಾನು ನಿನಗೆ ಹೇಳಿರಲಿಲ್ಲ. ದಿನವೂ ಪ್ರಾರ್ಥನೆ ಮಾಡುವ, ಸತ್ಯವೇದ ಓದಿಸುವ ಜಾಗದಲ್ಲಿ ಮಕ್ಕಳು ಒಳ್ಳೆಯವರ ಹಾಗೆ ಕಾಣಿಸಿಕೊಳ್ಳುವುದನ್ನು ಬೇಗ ಕಲಿತುಬಿಡುತ್ತಾರೆ. ಸರಿಯಾದ ಉತ್ತರ ಯಾವುದು ಅಂತ ಗೊತ್ತಿರುತ್ತದೆ, ಅದನ್ನೇ ಹೇಳುತ್ತಾರೆ. ಸಿಟ್ಟು, ಅನುಮಾನ, ಹೊಟ್ಟೆಕಿಚ್ಚು ಎಲ್ಲ ಒಳಗೇ ಉಳಿಯುತ್ತವೆ. ನೀನು ಮೊದಲೇ ಬಚ್ಚಿಡುವ ಹುಡುಗಿ. ಇಲ್ಲಿ ಇನ್ನಷ್ಟು ಮುಚ್ಚಿಕೊಂಡರೆ ಏನು ಗತಿ ಅನ್ನಿಸಿತ್ತು.

ಆ ಅಳುಕು ಹೋಗಿದ್ದು ನೀನು ಸತ್ಯವೇದದ ತರಗತಿಯಲ್ಲಿ ಕೈ ಎತ್ತಿದ ದಿನ. ನಿನ್ನ ಸಹಪಾಠಿಯ ತಮ್ಮನಿಗೆ ಕಾಯಿಲೆ ಜೋರಾಗಿತ್ತು. ಇಡೀ ಶಾಲೆ ಅವನಿಗಾಗಿ ಪ್ರಾರ್ಥಿಸುತ್ತಿತ್ತು. ಮಗು ಚೇತರಿಸಿಕೊಳ್ಳುತ್ತಿರಲಿಲ್ಲ. ನೀನು ಎದ್ದು ನಿಂತು ಕೇಳಿದೆಯಂತೆ: "ದೇವರಿಗೆ ನಮ್ಮ ಮಾತು ಕೇಳಿಸುತ್ತಿದ್ದರೆ ಯಾಕೆ ಸುಮ್ಮನಿದ್ದಾರೆ?" ತರಗತಿಯೆಲ್ಲ ನಿನ್ನನ್ನೇ ನೋಡಿತಂತೆ.

ಸರ್ ಬೈಯಲಿಲ್ಲ. ಸುಮ್ನೆ ಏನೋ ಒಂದು ಸಮಾಧಾನ ಹೇಳಿ ಕೂರಿಸಲೂ ಇಲ್ಲ. ಇದಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ ಅಂದರು. ಆಮೇಲೆ ಸತ್ಯವೇದದ ಕೀರ್ತನೆ ಪುಸ್ತಕ ತೆಗೆಸಿದರು. 13ನೇ ಕೀರ್ತನೆ ಶುರುವಾಗುವುದೇ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನು ಕೇಳುವುದರಿಂದ. 88ನೇ ಕೀರ್ತನೆ ಇನ್ನೂ ಕಷ್ಟ. ಇಂಥ ಬೇರೆ ಹೆಚ್ಚಿನ ಕೀರ್ತನೆಗಳಲ್ಲಿ ಗೋಳು ಮುಗಿದು ಕೊನೆಗೆ ಸ್ತೋತ್ರ ಬರುತ್ತದೆ. ಇದರಲ್ಲಿ ಬರುವುದೇ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಹಾಗಿದ್ದೂ ಆ ಹಾಡನ್ನು ಯಾರೂ ಪುಸ್ತಕದಿಂದ ತೆಗೆದು ಹಾಕಲಿಲ್ಲ. ಇಷ್ಟು ಕಾಲದಿಂದ ಅದು ಆರಾಧನೆಯ ಪುಸ್ತಕದಲ್ಲೇ ಇದೆ.

ಆ ರಾತ್ರಿ ನೀನು ಯೋಬನ ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ ಎಷ್ಟು ಕೂಗಾಡುತ್ತಾನೆ! ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅವನ ಗೆಳೆಯರು ಮಾತ್ರ ದೇವರ ಪರವಾಗಿ ನಯವಾಗಿ, ಉದ್ದುದ್ದ ಮಾತಾಡುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬರುವುದು ಯಾರ ಮೇಲೆ? ಆ ಗೆಳೆಯರ ಮೇಲೆ. ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ನನಗೆ ಆ ಗೆಳೆಯರ ಒಂದೇ ಒಂದು ಕೆಲಸ ಇಷ್ಟ. ಬಾಯಿ ತೆರೆಯುವ ಮೊದಲು ಅವರು ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ನೀನು ಮಾರನೇ ದಿನ ನಿನ್ನ ಸಹಪಾಠಿಯ ಪಕ್ಕ ಹೋಗಿ ಕೂತೆ. ಏನು ಮಾತಾಡಿದೆ ಅಂತ ಕೇಳಿದರೆ "ಏನೂ ಇಲ್ಲ, ಅವಳ ನೋಟ್ಸ್ ಬರೆದುಕೊಟ್ಟೆ" ಅಂದೆ. ಆ ಮಗು ಈಗ ಹುಷಾರಾಗುತ್ತಿದೆ, ದೇವರಿಗೆ ಸ್ತೋತ್ರ. ಆದರೆ ಆಗದೇ ಇದ್ದಿದ್ದರೂ ನಿನ್ನ ಪ್ರಶ್ನೆ ತಪ್ಪಾಗುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ ಕೊನೆಯ ವಚನ ನಿಮ್ಮ ವರದಿಯ ಮೊದಲ ಪುಟದಲ್ಲೇ ಇದೆ. ಯೇಸು ಜ್ಞಾನದಲ್ಲೂ ನಿಲುವಿನಲ್ಲೂ ಬೆಳೆಯುತ್ತಾ, ದೇವರಿಗೂ ಮನುಷ್ಯರಿಗೂ ಮೆಚ್ಚುಗೆಯಾಗುತ್ತಾ ಬಂದ ಅನ್ನುವ ಮಾತು. ಎಲ್ಲರೂ ಇದೊಂದನ್ನೇ ಹೇಳುತ್ತಾರೆ. ಆರು ವಚನ ಹಿಂದಕ್ಕೆ ಹೋಗಿ ನೋಡು. ಹನ್ನೆರಡು ವರ್ಷದ ಆ ಹುಡುಗ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಏನು ಮಾಡುತ್ತಿದ್ದ? ಅವರ ಮಾತು ಕೇಳುತ್ತಿದ್ದ, ಅವರಿಗೆ ಪ್ರಶ್ನೆ ಹಾಕುತ್ತಿದ್ದ. ಬೆಳೆದ ಅಂತ ಹೇಳುವ ಮೊದಲು ಲೂಕ ಈ ಸಂಗತಿಯನ್ನು ಬರೆದಿಟ್ಟಿದ್ದಾನೆ.

ಇನ್ನು ಬಹುಮಾನ ಬಂದ ಪ್ರಾಜೆಕ್ಟ್. ಶಿಕ್ಷಣ ಚಿಂತಕ ಜಾನ್ ಅಮೋಸ್ ಕಮೇನಿಯಸ್ ಬಗ್ಗೆ ಬರೆಯುತ್ತೇನೆ ಅಂದಾಗ ನನಗೆ ಆ ಹೆಸರಷ್ಟೇ ಗೊತ್ತಿತ್ತು. ನೀನು ಓದುತ್ತಾ ಓದುತ್ತಾ ನನಗೂ ಹೇಳಿದೆ. 1592ರಲ್ಲಿ ಮೊರೇವಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ ಹುಟ್ಟಿದವರು. ಕ್ರೈಸ್ತ ಸಭೆಯ ಬಿಷಪ್ ಆಗಿದ್ದವರು. ಯುದ್ಧದಿಂದಾಗಿ ಊರು ಬಿಡಬೇಕಾಯಿತು. ಪ್ಲೇಗಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು ತೀರಿಹೋದರು. 1656ರಲ್ಲಿ ಪೋಲೆಂಡಿನ ಲೆಶ್ನೊ ಊರು ಬೆಂಕಿಗೆ ಸಿಕ್ಕಾಗ ವರ್ಷಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳು ಸುಟ್ಟುಹೋದವು. ಎರಡು ವರ್ಷ ಕಳೆದು 1658ರಲ್ಲಿ ಅವರು ಹೊರತಂದದ್ದು ಮಕ್ಕಳ ಪಠ್ಯಪುಸ್ತಕ, ಅದೂ ಚಿತ್ರಗಳಿಂದ ತುಂಬಿದ್ದು! ಹುಡುಗರ ಜೊತೆ ಹುಡುಗಿಯರಿಗೂ, ಬಡವರಿಗೂ ಕಲಿಸಬೇಕು ಅಂತ ಆ ಕಾಲದಲ್ಲೇ ಬರೆದರು. ಮಕ್ಕಳನ್ನು ಹೊಡೆದು ಹೆದರಿಸಿ ಕಲಿಸುವ ಶಾಲೆಗಳನ್ನು ಕಟುವಾಗಿ ಟೀಕಿಸಿದರು. ನೀನು ಇವತ್ತು ಹೆದರದೆ ತರಗತಿಯಲ್ಲಿ ಕೂರುವುದರ ಹಿಂದೆ ಇಂಥವರ ದುಡಿಮೆ ಇದೆ.

ಆದರೆ ನನಗೆ ಪ್ರಾಜೆಕ್ಟಿಗಿಂತ ನೀನು ಅದನ್ನು ಸಭಾಂಗಣದಲ್ಲಿ ಹೇಳಿದ ರೀತಿಯೇ ಮುಖ್ಯ. ನಡುವೆ ನಿನಗೆ ಮರೆತುಹೋಯಿತು. "ಕ್ಷಮಿಸಿ, ಮುಂದಿನದು ಮರೆತೆ" ಅಂತ ಮೈಕಿನಲ್ಲೇ ಹೇಳಿ, ಕಾಗದ ನೋಡಿಕೊಂಡು ಮುಂದುವರಿಸಿದೆ. ಹೋದ ವರ್ಷವಾಗಿದ್ದರೆ ವೇದಿಕೆಯಿಂದ ಇಳಿದು ಬಂದುಬಿಡುತ್ತಿದ್ದೆ.

ಹಾಡಿನ ತಂಡದಲ್ಲೂ ಹೀಗೇ. ನಿನ್ನ ದನಿ ದಪ್ಪ ಅಂತ ನಿನಗೆ ನಾಚಿಕೆ. ಹಿಂದಿನ ಸಾಲಿನಲ್ಲಿ ಬಾಯಿ ಆಡಿಸಿಕೊಂಡು ನಿಲ್ಲುತ್ತಿದ್ದೆ. ಸಂಗೀತದ ಟೀಚರ್ ನಿನ್ನನ್ನು ತಗ್ಗಿನ ದನಿಯವರ ಆಲ್ಟೊ ಸಾಲಿಗೆ ಹಾಕಿದ ಮೇಲೆ ಆ ದಪ್ಪ ದನಿಗೆ ಜಾಗ ಸಿಕ್ಕಿತು. ಬಾಕ್ 1723ರಿಂದ ಜರ್ಮನಿಯ ಲೈಪ್ಜಿಗ್‌ನಲ್ಲಿ ಸಂತ ತೋಮಸರ ಶಾಲೆಯ ಹುಡುಗರಿಗೆ ಹಾಡು ಕಲಿಸುತ್ತಿದ್ದರು, ಅಷ್ಟು ದೊಡ್ಡ ಸಂಗೀತಗಾರ ಶಾಲೆಯ ಮೇಷ್ಟ್ರಾಗಿದ್ದರು ಅಂತ ಹೇಳುವಾಗ ನಿನಗೆ ಎಷ್ಟು ಖುಷಿ! ತಾವು ಬರೆದ ಎಷ್ಟೋ ಸಂಗೀತದ ಕೊನೆಯಲ್ಲಿ ಅವರು, ಮಹಿಮೆ ದೇವರೊಬ್ಬನಿಗೇ ಎಂದು ಸೂಚಿಸುವ S.D.G. ಎಂಬ ಮೂರು ಅಕ್ಷರ ಹಾಕುತ್ತಿದ್ದರು. ನೀನು ನಿನ್ನ ಹಾಡಿನ ಪುಸ್ತಕದ ಕೊನೆಗೂ ಆ ಅಕ್ಷರ ಬರೆದಿರುವುದನ್ನು ನೋಡಿದೆ. ಒಳ್ಳೆಯದಾಯಿತು.

ಗೆಳತಿಯ ಜೊತೆ ಆದ ಜಗಳದ ವಿಷಯ ಇಲ್ಲಿ ಎತ್ತುವುದಿಲ್ಲ. ಅದು ನಿಮ್ಮಿಬ್ಬರ ಮಾತು. ನೀನೇ ಮೊದಲು ಹೋಗಿ ಮಾತಾಡಿಸಿದೆ ಅಂತ ಅವಳ ಅಮ್ಮ ಹೇಳಿದರು, ಅಷ್ಟು ಗೊತ್ತು.

ಕ್ರೀಡಾಕೂಟದ ಹೊತ್ತಿಗೆ ಕಾಲು ಉಳುಕಿ ನಿನಗೆ ಓಟ ತಪ್ಪಿಹೋಯಿತು. ಒಂದು ವಾರ ಅತ್ತೆ. ಆಮೇಲೆ ಪುಟ್ಟ ಮಕ್ಕಳಿಗೆ ರಿಲೇಯಲ್ಲಿ ಬ್ಯಾಟನ್ ಕೈ ಬದಲಾಯಿಸುವುದನ್ನು ಕಲಿಸಲು ಒಪ್ಪಿಕೊಂಡೆ. ಅಪ್ಪ ಆಗ ನಿನಗೆ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕಥೆ ಹೇಳಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ದೇವರ ದಿನವಾದ ಭಾನುವಾರ ಬಂತು ಅಂತ ಓಡಲಿಲ್ಲ, ಆಮೇಲೆ 400 ಮೀಟರಿನಲ್ಲಿ 47.6 ಸೆಕೆಂಡಿಗೆ ಚಿನ್ನ ಗೆದ್ದರು. ಇಷ್ಟು ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಹಿಡಿದದ್ದು ಅವರ ಕೊನೆಯ ವರ್ಷಗಳು. ಎರಡನೇ ಮಹಾಯುದ್ಧದಲ್ಲಿ ಚೀನಾದ ವೈಹ್ಸಿಯನ್ ಬಂಧನ ಶಿಬಿರದಲ್ಲಿ, ಅಪ್ಪ ಅಮ್ಮನಿಂದ ದೂರವಾಗಿದ್ದ ಶಾಲಾ ಮಕ್ಕಳಿಗೆ ಅವರು ವಿಜ್ಞಾನ ಹೇಳಿಕೊಟ್ಟರು, ಆಟ ಆಡಿಸಿದರು. ಭಾನುವಾರ ಹಾಕಿ ಆಡಲು ಹೋದ ಮಕ್ಕಳು ರೆಫ್ರಿ ಇಲ್ಲದೆ ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರ ತಾವೇ ಮೈದಾನಕ್ಕೆ ಬಂದು ರೆಫ್ರಿಯಾದರು. ತಮ್ಮ ಪದಕಕ್ಕಾಗಿ ಬಿಡದಿದ್ದ ನಿಯಮವನ್ನು ಆ ಮಕ್ಕಳಿಗಾಗಿ ಬಿಟ್ಟರು. 1945ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಮುಂಚೆ, ಆ ಶಿಬಿರದಲ್ಲೇ ತೀರಿಹೋದರು.

ನೀನು ಕಲಿಸಿದ ಆ ಪುಟ್ಟ ತಂಡ ಮೂರನೇ ಸ್ಥಾನ ಬಂತು. ನೀನು ಗೆದ್ದಾಗಲೂ ಅಷ್ಟು ಕುಣಿದದ್ದನ್ನು ನಾನು ನೋಡಿಲ್ಲ.

ನಿನ್ನ ಶಾಲೆ ದೊಡ್ಡದಲ್ಲ. ಸರ್ಕಾರದ ಅನುದಾನವಿಲ್ಲ. ಪೋಷಕರ ಶುಲ್ಕದಿಂದ, ದಾನಿಗಳ ನೆರವಿನಿಂದ ನಡೆಯುತ್ತದೆ. ಅದಕ್ಕೇ ಅಲ್ಲಿ ಒಬ್ಬೊಬ್ಬ ಟೀಚರ್ ಎರಡು ಮೂರು ಕೆಲಸ ಮಾಡುತ್ತಾರೆ. ಗಣಿತದ ಟೀಚರೇ ಗ್ರಂಥಾಲಯ ನೋಡಿಕೊಳ್ಳುತ್ತಾರೆ. ಊಟದ ಬಿಡುವಿನಲ್ಲಿ ನಿನಗೆ ಲೆಕ್ಕ ಹೇಳಿಕೊಟ್ಟ ಹೊತ್ತು ಅವರ ಸ್ವಂತದ್ದು. ರಜೆ ಶುರುವಾಗುವ ಮೊದಲು ಅವರಿಗೂ, ಸತ್ಯವೇದದ ಸರ್‌ಗೂ, ಸಂಗೀತದ ಟೀಚರಿಗೂ ನಿನ್ನ ಕೈಬರಹದಲ್ಲಿ ಒಂದೊಂದು ಚೀಟಿ ಬರೆದುಕೊಡು. ಏನು ಬರೆಯಬೇಕು ಅಂತ ನಾನು ಹೇಳುವುದಿಲ್ಲ.

ಮತ್ತೆ, ಮುಂದಿನ ವರ್ಷವೂ ಆ ಪುಟ್ಟ ಮಕ್ಕಳ ಓಟದ ತಂಡವನ್ನು ನೀನೇ ನೋಡಿಕೊಳ್ಳುತ್ತೀಯಾ ಅಂತ ಪಿ.ಇ. ಟೀಚರ್ ನನ್ನ ಹತ್ತಿರ ಕೇಳಿದರು. ಅವಳನ್ನೇ ಕೇಳಿ ಅಂದಿದ್ದೇನೆ. ನಿನಗೂ ಓಡುವ ಆಸೆ ಇದೆ, ಎರಡಕ್ಕೂ ಸಮಯ ಸಾಲದೇ ಹೋಗಬಹುದು. ಯೋಚನೆ ಮಾಡು, ಪ್ರಾರ್ಥನೆ ಮಾಡು. ಇಷ್ಟವಿಲ್ಲದಿದ್ದರೆ ಇಲ್ಲ ಅಂತ ನೇರವಾಗಿ ಹೇಳು. ಸೋಮವಾರದೊಳಗೆ ಅವರಿಗೆ ತಿಳಿಸಬೇಕಂತೆ.

ದೇವರು ನಿನ್ನನ್ನು ಆಶೀರ್ವದಿಸಲಿ, ಕಂದಾ.

ನಿನ್ನ
ಅಮ್ಮ