ಆಪರೇಷನ್ ಆಗಿ ಮನೆಗೆ ಬಂದವರಿಗೂ ಹೃದಯ ಜ್ಯೋತಿ ಬೇಕು

ಮಾನ್ಯ ಸಂಪಾದಕರೇ,

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಅದರ ಜೊತೆಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪಿಟಿ-ಐಎನ್‌ಆರ್ ಎಂಬ ರಕ್ತ ಪರೀಕ್ಷೆಯನ್ನೂ ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ.

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ದಿನಸಿ ಅಂಗಡಿ ನಡೆಸುವವಳು. ನಮ್ಮ ಯಜಮಾನರಿಗೆ ಮೈಸೂರಿನಲ್ಲಿ ಬೈಪಾಸ್ ಆಯಿತು. ಆಪರೇಷನ್ ಸಲೀಸಾಗಿಯೇ ಮುಗಿಯಿತು. ಮೂರನೇ ದಿನ ಎದೆಬಡಿತ ಹದ ತಪ್ಪಿತು. ಮಾನಿಟರ್‌ನಲ್ಲಿ ಅಂಕಿ 90 ಅನ್ನುತ್ತಿದ್ದದ್ದು 140ಕ್ಕೆ ಜಿಗಿಯುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಬೈಪಾಸ್ ಆದ ಹತ್ತು ಜನರಲ್ಲಿ ಸುಮಾರು ಮೂವರಿಗೆ ಹೀಗಾಗುತ್ತದಂತೆ, ವಾಲ್ವ್ ಆಪರೇಷನ್ ಆದವರಿಗೆ ಇನ್ನೂ ಜಾಸ್ತಿ. ಬಹಳ ಜನಕ್ಕೆ ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ.

ಆದರೆ ಆ ಒಂದೆರಡು ತಿಂಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಬಡಿತ ಹದ ತಪ್ಪಿದಾಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಅದು ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಮಾತ್ರೆ ಕೊಡುತ್ತಾರೆ. ಮಾತ್ರೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ನಮ್ಮವರ ಐಎನ್‌ಆರ್ 2ರಿಂದ 3ರೊಳಗೆ ಇರಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಬಡಿತ ಸರಿಪಡಿಸಲು ಕೊಡುವ ಅಮಿಯೋಡರಾನ್ ಬೇರೆ ಅಸಿಟ್ರಾಮ್‌ನ ಜೋರು ಹೆಚ್ಚಿಸುತ್ತದೆ. ಎರಡೂ ಜೊತೆಗಿದ್ದರೆ ಮೊದಮೊದಲು ಪದೇ ಪದೇ ಪರೀಕ್ಷೆ ಮಾಡಿಸಲೇಬೇಕು.

ನಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಇಲ್ಲ. ಹೊಲಿಗೆ ಹಾಕಿದ ಎದೆಗೆ ದಿಂಬು ಒತ್ತಿಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋಗಬೇಕು. ರಸ್ತೆಯ ಹಂಪು ಬಂದಾಗೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ಮಾತ್ರೆ ಅರ್ಧ ಮಾಡಬೇಕೋ ಒಂದು ಮಾಡಬೇಕೋ ಕೇಳಿಕೊಂಡು ವಾಪಸ್ ಬರುವಷ್ಟರಲ್ಲಿ ಸಂಜೆ. ಅಂಗಡಿಗೆ ಬೀಗ.

ಇಷ್ಟರ ಮೇಲೆ ಊರಿನವರ ಸಲಹೆ. ಸೊಪ್ಪು ಮುಟ್ಟಲೇಬಾರದು ಅಂದರು. ಮಂಡ್ಯದ ಮನುಷ್ಯ ಬಸ್ಸಾರು, ಮಸೊಪ್ಪು ಬಿಟ್ಟು ಮುದ್ದೆ ನುಂಗುವುದು ಹೇಗೆ? ಡಾಕ್ಟರನ್ನು ಕೇಳಿದಾಗ ಅವರು ಹೇಳಿದ್ದೇ ಬೇರೆ: ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಜೋರು ತಗ್ಗಿಸುತ್ತದೆ ನಿಜ, ಆದರೆ ಬಿಡಬೇಕಿಲ್ಲ. ಒಂದು ವಾರ ದಂಟು ತುಂಬಿಸಿಕೊಂಡು ಮುಂದಿನ ವಾರ ಏನೂ ಇಲ್ಲ ಅಂತ ಮಾಡಬೇಡಿ, ವಾರ ವಾರವೂ ಒಂದೇ ಹದದಲ್ಲಿ ತಿನ್ನಿ ಅಂದರು. ಮೊಣಕಾಲು ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೈಗೆ ಕೊಡುವ ಡೈಕ್ಲೋಫೆನಾಕ್ ಮಾತ್ರ ಬೇಡವೇ ಬೇಡ, ಹೊಟ್ಟೆಯೊಳಗೆ ರಕ್ತ ಸೋರಬಹುದು ಅಂದರು. ನಮ್ಮೂರಲ್ಲಿ ಇದನ್ನು ಎಷ್ಟು ಜನಕ್ಕೆ ಹೇಳಿದ್ದಾರೋ!

ಐಎನ್‌ಆರ್ ಬೇಡದ ಹೊಸ ಮಾತ್ರೆಗಳೂ ಬಂದಿವೆ. ಆದರೆ ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಅವು ಆಗುವುದಿಲ್ಲ. ಅಂಥವರು ಜೀವನಪೂರ್ತಿ ಈ ಪರೀಕ್ಷೆಗೆ ಓಡಾಡಬೇಕು, ಅಲ್ವಾ?

ಬೆರಳಿನ ಒಂದು ಹನಿ ರಕ್ತದಲ್ಲೇ ಐಎನ್‌ಆರ್ ತೋರಿಸುವ ಕೈಯಳತೆಯ ಯಂತ್ರಗಳಿವೆ. ತಾಲ್ಲೂಕಿಗೆ ಒಂದಾದರೂ ಕೊಡಲಿ. ರಿಪೋರ್ಟ್ ನೋಡಿ ಡೋಸ್ ಹೇಳುವುದಕ್ಕೆ ಆಪರೇಷನ್ ಮಾಡಿದ ಆಸ್ಪತ್ರೆಯವರು ಫೋನಿನಲ್ಲಿ ಸಿಕ್ಕರೆ ಸಾಕು. ಬಡಿತ ಏರುಪೇರಾಗಿದ್ದಾಗ ಬಿಪಿ ಯಂತ್ರ ತೋರಿಸುವ ನಾಡಿಯ ಅಂಕಿ ನಂಬುವ ಹಾಗಿಲ್ಲ. ಹಾಗಾಗಿ ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ ನಾಡಿ ಎಣಿಸುವುದನ್ನು ಆಶಾ ಕಾರ್ಯಕರ್ತೆಯರಿಗೂ ಮನೆಯವರಿಗೂ ಕಲಿಸಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಓದುತ್ತಾರೆ ಅಂದುಕೊಂಡಿದ್ದೇನೆ.

ಇಂತಿ,
ಒಬ್ಬ ಓದುಗಿ, ಮಂಡ್ಯ ಜಿಲ್ಲೆ