ಚಾಟ್ ಗ್ರೂಪ್ ಕಟ್ಟಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಆಕಾಶ ನೋಡುವ ಹವ್ಯಾಸಿಗಳಿಗಾಗಿ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಚಾಟ್ ಗುಂಪು ಮಾಡುತ್ತೇನೆ ಅಂತ ಬರೆದಿದ್ದೀಯ, ಜೊತೆಗೆ 14 ಚಾನೆಲ್‌ಗಳ (ಗುಂಪಿನೊಳಗಿನ ಬೇರೆ ಬೇರೆ ಚಾಟ್ ಕೋಣೆಗಳ) ಪಟ್ಟಿಯನ್ನೂ ಕಳಿಸಿದ್ದೀಯ. ಗ್ರಹಗಳಿಗೊಂದು, ಉಲ್ಕೆಗಳಿಗೊಂದು, ನೀಹಾರಿಕೆಗಳಿಗೊಂದು, ಕೊನೆಗೆ ಟ್ರೈಪಾಡಿಗೂ ಒಂದು! ಅದರಲ್ಲಿ 11 ಈಗಲೇ ಅಳಿಸಿಬಿಡು. ಶುರುವಿಗೆ ಮೂರು ಸಾಕು. ನಿಯಮ ಮತ್ತು ಪ್ರಕಟಣೆಗೆ ಒಂದು, ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಲಿ. ಹರಟೆಗೆ ಒಂದು. ಫೋಟೊ ಮತ್ತು ಸಲಕರಣೆಯ ಪ್ರಶ್ನೆಗಳಿಗೆ ಇನ್ನೊಂದು.

ಚಾಟ್ ಗುಂಪು ಬದುಕಿ ಉಳಿಯುವುದು ಸದಸ್ಯರ ಸಂಖ್ಯೆಯ ಮೇಲಲ್ಲ; ಒಂದೇ ಹೊತ್ತಿಗೆ ಒಂದೇ ಕಡೆ ಎಷ್ಟು ಜನ ಸೇರುತ್ತಾರೆ ಅನ್ನುವುದರ ಮೇಲೆ. ಇಪ್ಪತ್ತು ಜನ 14 ಚಾನೆಲ್‌ಗಳಲ್ಲಿ ಹಂಚಿಹೋದರೆ ಎಲ್ಲಿ ನೋಡಿದರೂ ಕೊನೆಯ ಮೆಸೇಜ್ ನಾಲ್ಕು ದಿನ ಹಳೆಯದು. ಹೊಸಬರು ಇಣುಕಿ ನೋಡಿ, ಇಲ್ಲಿ ಯಾರೂ ಇಲ್ಲ ಅಂದುಕೊಂಡು ಮ್ಯೂಟ್ ಮಾಡುತ್ತಾರೆ. ಬಿಟ್ಟುಹೋದವರಾದರೂ ಲೆಕ್ಕದಿಂದ ಹೋಗುತ್ತಾರೆ. ಮ್ಯೂಟ್ ಮಾಡಿದವರು ಲೆಕ್ಕದಲ್ಲೇ ಉಳಿದು, ಗುಂಪು ಬೆಳೆಯುತ್ತಿದೆ ಅಂತ ನಿನ್ನನ್ನು ನಂಬಿಸುತ್ತಾರೆ. ಒಂದು ವಿಷಯ ಎರಡು ವಾರ ಸತತವಾಗಿ ಹರಟೆಯನ್ನು ಮುಳುಗಿಸಿ, ಬೇರೆಯವರು ಮಾತಾಡಲು ಜಾಗವಿಲ್ಲ ಅಂತ ಗೊಣಗಲು ಶುರು ಮಾಡಿದಾಗ ಆ ವಿಷಯಕ್ಕೆ ಹೊಸ ಚಾನೆಲ್ ತೆರೆ. ತಿಂಗಳಿಡೀ ಸುಮ್ಮನಿರುವ ಚಾನೆಲ್ಲನ್ನು ಮುಲಾಜಿಲ್ಲದೆ ಮುಚ್ಚು.

ಡಿಸ್ಕಾರ್ಡ್ ಆಯ್ಕೆ ನಿನ್ನ ಕೆಲಸಕ್ಕೆ ಸರಿಯಾಗಿದೆ. ವಾಟ್ಸ್‌ಆ್ಯಪ್ ಗ್ರೂಪಿಗೆ 1,024 ಜನರ ಮಿತಿ ಇದೆ, ಆದರೆ ನಿಜವಾದ ತೊಡಕು ಅದಲ್ಲ. ಗ್ರೂಪಿನಲ್ಲಿ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಪರಿಚಯದವರ ನಡುವೆ ಅದು ನಡೆಯುತ್ತದೆ, ಲಿಂಕ್ ಹಂಚಿ ಅಪರಿಚಿತರನ್ನು ಕರೆಯುವಲ್ಲಿ ನಡೆಯುವುದಿಲ್ಲ. ಟೆಲಿಗ್ರಾಂ 2 ಲಕ್ಷ ಜನರವರೆಗೆ ಹಿಡಿಸುತ್ತದೆ, ನಂಬರನ್ನೂ ಮುಚ್ಚಿಡಬಹುದು. ಸ್ಲ್ಯಾಕ್ ಎಂಬ ಚಾಟ್ ಆ್ಯಪ್‌ನ ಉಚಿತ ಪ್ಲಾನ್‌ನಲ್ಲಿ 90 ದಿನಕ್ಕಿಂತ ಹಳೆಯ ಮಾತು ಕಾಣುವುದಿಲ್ಲ. ಹೋದ ವರ್ಷದ ಗ್ರಹಣದ ಫೋಟೊ ಹುಡುಕುವವರಿರುವ ಗುಂಪಿಗೆ ಅದು ಆಗದ ಮಾತು.

ಮೊದಲ ತಿಂಗಳು ಲಿಂಕನ್ನು ಎಲ್ಲೂ ಬಹಿರಂಗವಾಗಿ ಹಾಕಬೇಡ. ನಿನಗೆ ಗೊತ್ತಿರುವ, ಮಾತಾಡುವ ಚಟವಿರುವ 15ರಿಂದ 20 ಜನರನ್ನು ಒಬ್ಬೊಬ್ಬರನ್ನಾಗಿ ಕರೆ. ದೂರದರ್ಶಕದ ಬಗ್ಗೆ ಎಲ್ಲ ಬಲ್ಲ ಮೌನಿಗಿಂತ, ಬೈನಾಕ್ಯುಲರ್ ಮಾತ್ರ ಇರುವ ವಾಚಾಳಿ ಈ ಹಂತದಲ್ಲಿ ಹೆಚ್ಚು ಬೆಲೆಬಾಳುವ ಮನುಷ್ಯ. ವಾರದಲ್ಲಿ ಎರಡು ದಿನ, ಒಂದು ಗಂಟೆ, ಗೊತ್ತುಮಾಡಿದ ಹೊತ್ತಿಗೆ ಎಲ್ಲರೂ ಬರುವ ಹಾಗೆ ಮಾಡು. ಅಲ್ಲಿ ಒಂದೇ ಕೆಲಸವಿರಲಿ: ಆ ವಾರ ತೆಗೆದ ಒಂದು ಫೋಟೊ ಹಾಕಿ, ಅದರಲ್ಲಿ ಏನು ತಪ್ಪಿದೆ, ಎಕ್ಸ್‌ಪೋಷರ್ ಎಷ್ಟು ಅಂತ ಚರ್ಚೆ ಮಾಡುವುದು. ಬೇರೆ ಬೇರೆ ದೇಶದವರು ಇದ್ದರೆ ಎಲ್ಲರಿಗೂ ಅನುಕೂಲವಾದ ಹೊತ್ತು ಸಿಗುವುದಿಲ್ಲ. ಹೆಚ್ಚು ಜನಕ್ಕೆ ಹೊಂದುವ ಒಂದು ಹೊತ್ತನ್ನು ಹಿಡಿ. ಎಲ್ಲರನ್ನೂ ಮೆಚ್ಚಿಸಲು ಐದು ಹೊತ್ತು ಇಟ್ಟರೆ ಐದೂ ಬಣಬಣ.

ಹೊಸಬರ ವಿಷಯದಲ್ಲಿ ಬಹಳ ಗುಂಪುಗಳು ಎಡವುತ್ತವೆ. ಸ್ವಾಗತ ಹೇಳಲು ಬಾಟ್ (ತಾನಾಗಿ ಮೆಸೇಜ್ ಕಳಿಸುವ ಪ್ರೋಗ್ರಾಂ) ಇಟ್ಟು ಕೈತೊಳೆದುಕೊಳ್ಳುತ್ತಾರೆ. ಬಾಟ್‌ಗೆ ಯಾರೂ ಮರುಮಾತು ಹೇಳುವುದಿಲ್ಲ. ಹೊಸಬರ ಮೊದಲ ಮೆಸೇಜಿಗೆ ಹತ್ತು ನಿಮಿಷದೊಳಗೆ ಒಬ್ಬ ಮನುಷ್ಯ ಉತ್ತರಿಸಬೇಕು, ಅಷ್ಟೇ. ‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಅಂತಲೂ ಕೇಳಬೇಡ. ಅದು ಸಂದರ್ಶನದ ಹಾಗೆ ಕೇಳಿಸುತ್ತದೆ, ನಾಚಿಕೆಯವರು ಅಲ್ಲೇ ನಿಂತುಬಿಡುತ್ತಾರೆ. ‘ನಿಮ್ಮಲ್ಲಿ ಇವತ್ತು ಮೋಡ ಇದೆಯಾ?’ ಅಂತ ಕೇಳು. ಎರಡು ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆಯಾದರೆ ಯಾರೂ ಹಿಂಜರಿಯುವುದಿಲ್ಲ.

‘ಮೊದಲ ಟೆಲಿಸ್ಕೋಪ್ ಯಾವುದು ಕೊಳ್ಳಲಿ’ ಎಂಬ ಪ್ರಶ್ನೆ ನಿನಗೆ ವಾರಕ್ಕೆ ಮೂರು ಸಲ ಬರುತ್ತದೆ. ಹಳಬರಿಗೆ ಬೇಸರ ಬಂದು ‘ಮೇಲೆ ಹುಡುಕಿ ನೋಡಿ’ ಅನ್ನತೊಡಗಿದ ದಿನದಿಂದ ಹೊಸಬರು ನಿಲ್ಲುವುದಿಲ್ಲ. ಉತ್ತರವನ್ನು ಒಮ್ಮೆ ಚೆನ್ನಾಗಿ ಬರೆದು ಪಿನ್ ಮಾಡು. ಕೇಳಿದಾಗ ಲಿಂಕ್ ಕೊಟ್ಟು, ಜೊತೆಗೆ ಕೇಳಿದವರ ಬಜೆಟ್ಟಿಗೆ ತಕ್ಕ ಎರಡು ಸಾಲು ಕೈಯಾರೆ ಬರೆ. ಎಲ್ಲ ಪ್ರಶ್ನೆಗೂ ನೀನೇ ಮುಂದಾಗಬೇಡ. ಐದು ನಿಮಿಷ ಕಾದು, ಆ ವಿಷಯ ಬಲ್ಲವರನ್ನು ಟ್ಯಾಗ್ ಮಾಡು. ಒಬ್ಬನೇ ಉತ್ತರಿಸುವ ಗುಂಪು ಸಹಾಯವಾಣಿ ಆಗುತ್ತದೆ. ಕೇಳಿದ್ದು ಸಿಕ್ಕ ಕೂಡಲೇ ಜನ ಎದ್ದು ಹೋಗುತ್ತಾರೆ, ನೀನು ಎರಡು ದಿನ ಜ್ವರ ಬಂದು ಮಲಗಿದರೆ ಬಾಗಿಲು ಮುಚ್ಚಿದ ಹಾಗೆಯೇ.

ಆಮೇಲೆ ಬೆಳೆಸುವುದು. ವಾರಕ್ಕೆ 10–15 ಜನಕ್ಕಿಂತ ಹೆಚ್ಚು ಒಳಗೆ ಬಿಡಬೇಡ, ಅಷ್ಟು ಜನರನ್ನಾದರೆ ಹಳಬರು ಹೆಸರು ಹಿಡಿದು ಮಾತಾಡಿಸಬಲ್ಲರು. ಲಿಂಕ್ ಮಾಡುವಾಗ ಅವಧಿ 7 ದಿನ, ಬಳಕೆ 25 ಅಂತ ಮಿತಿ ಹಾಕು. ಜನರನ್ನು ಕರೆಯುವ ಜಾಗಕ್ಕೊಂದು ಲಿಂಕ್ ಬೇರೆ ಬೇರೆ ಮಾಡಿದರೆ, ಯಾವುದರಿಂದ ಎಷ್ಟು ಜನ ಬಂದರು ಅನ್ನುವುದು ಸೆಟ್ಟಿಂಗ್ಸ್‌ನಲ್ಲಿ ಕಾಣುತ್ತದೆ. ಬಹುಮಾನ ಹಂಚಿ ಜನ ಸೇರಿಸುವ ಕೆಲಸಕ್ಕೆ ಕೈ ಹಾಕಲೇಬೇಡ. ಬಹುಮಾನಕ್ಕೆ ಬಂದವರು ಬಹುಮಾನದ ಜೊತೆ ಹೋಗುತ್ತಾರೆ. ನಿನಗೆ ಆಕಾಶವೇ ಕ್ಯಾಲೆಂಡರ್ ಕೊಟ್ಟಿದೆ: ಆಗಸ್ಟ್ 12–13ರ ಸುಮಾರಿಗೆ ಪರ್ಸೀಯಿಡ್, ಡಿಸೆಂಬರ್ 13–14ಕ್ಕೆ ಜೆಮಿನಿಡ್ ಉಲ್ಕಾವೃಷ್ಟಿ, ನಡುನಡುವೆ ಗ್ರಹಣಗಳು. ಆ ರಾತ್ರಿ ಎಲ್ಲರೂ ಒಟ್ಟಿಗೆ ಎಚ್ಚರವಿದ್ದು ಉಲ್ಕೆ ಎಣಿಸಿ ಬರೆಯುವ ಕಾರ್ಯಕ್ರಮ ಇಡು. ಬಂದವರಲ್ಲಿ ಅರ್ಧಕ್ಕರ್ಧ ಮೂರನೆಯ ದಿನ ಕಾಣೆಯಾಗುತ್ತಾರೆ ಅಂತ ಮೊದಲೇ ಅಂದುಕೊಂಡು, ಮರುದಿನವೇ ಇನ್ನೊಂದು ಸಣ್ಣ ಕೆಲಸ ಗೊತ್ತುಮಾಡಿರು. ಎಣಿಕೆಗಳನ್ನೆಲ್ಲ ಕೂಡಿಸಿ ಪಟ್ಟಿ ಮಾಡುವುದಾದರೂ ಆದೀತು.

ಅಳೆಯುವುದಾದರೆ ಮೂರನ್ನು ಅಳೆ: ಈ ವಾರ ಮಾತಾಡಿದವರು ಎಷ್ಟು ಮಂದಿ, ಹೋದ ವಾರದ ಹೊಸಬರಲ್ಲಿ ಮತ್ತೆ ಬಂದವರೆಷ್ಟು, ಉತ್ತರವಿಲ್ಲದೆ ಉಳಿದ ಪ್ರಶ್ನೆ ಎಷ್ಟು. ಮೂರನೆಯದು ಏರತೊಡಗಿದರೆ ಹೊಸಬರನ್ನು ಕರೆಯುವುದನ್ನು ನಿಲ್ಲಿಸು. ಸುಮ್ಮನೆ ಓದಿಕೊಂಡು ಹೋಗುವವರು ಯಾವ ಗುಂಪಿನಲ್ಲೂ ಬಹುಸಂಖ್ಯಾತರು, ಅವರನ್ನು ಮಾತಾಡಿ ಮಾತಾಡಿ ಅಂತ ಪೀಡಿಸಬೇಡ.

ಇನ್ನು ಜಗಳ. ನಿಯಮ ಐದು ಸಾಲಿಗಿಂತ ಹೆಚ್ಚಿದ್ದರೆ ಯಾರೂ ಓದುವುದಿಲ್ಲ. ಶಿಕ್ಷೆಗೆ ಮೆಟ್ಟಿಲುಗಳಿರಲಿ: ಮೊದಲು ಖಾಸಗಿಯಾಗಿ ಒಂದು ಮಾತು, ಆಮೇಲೆ 1 ಗಂಟೆಯ ಟೈಮ್‌ಔಟ್ (ಅಷ್ಟು ಹೊತ್ತು ಬರೆಯಲಾಗದ ಹಾಗೆ ತಡೆ), ಆಮೇಲೆ 1 ದಿನ, ಕೊನೆಗೆ ಬ್ಯಾನ್. ಎಲ್ಲರೆದುರು ಬೈದರೆ ಬೈಸಿಕೊಂಡವರು ಮಾನ ಉಳಿಸಿಕೊಳ್ಳಲು ಎದುರು ನಿಲ್ಲಲೇಬೇಕಾಗುತ್ತದೆ, ಜಗಳ ಬೆಳೆಯುತ್ತದೆ. ಶಾಶ್ವತ ಬ್ಯಾನ್‌ಗೆ ಇಬ್ಬರು ಮಾಡರೇಟರ್‌ಗಳ (ಗುಂಪಿನ ಶಿಸ್ತು ನೋಡಿಕೊಳ್ಳುವವರ) ಒಪ್ಪಿಗೆ ಬೇಕು ಅಂತ ಮಾಡು. ಸ್ಪ್ಯಾಮ್ ಮತ್ತು ಮೋಸದ ಲಿಂಕಿಗೆ ಮಾತ್ರ ಮೆಟ್ಟಿಲು ಬೇಡ, ಕಂಡಲ್ಲೇ ಹೊರಗೆ. ಪ್ರತಿ ಕ್ರಮವನ್ನೂ ಮಾಡರೇಟರ್‌ಗಳ ಚಾನೆಲ್‌ನಲ್ಲಿ ದಿನಾಂಕ, ಸ್ಕ್ರೀನ್‌ಶಾಟ್, ಕಾರಣ, ಮಾಡಿದವರ ಹೆಸರು ಸಮೇತ ಬರೆದಿಡಿ. ಮೂರು ತಿಂಗಳ ನಂತರ ‘ನನ್ನನ್ನು ಯಾಕೆ ತೆಗೆದಿರಿ’ ಎಂದು ಒಬ್ಬರು ಬಂದೇ ಬರುತ್ತಾರೆ. ಆದರೆ ಅದೇ ಚಾನೆಲ್ ಹರಟೆಯ ಕಟ್ಟೆಯಾಗಲು ಬಿಡಬೇಡ. ಒಳ್ಳೆಯ ಮಾತೆಲ್ಲ ಒಳಮನೆಯಲ್ಲಿ ನಡೆಯತೊಡಗಿದರೆ ಹೊರಗೆ ಉಳಿಯುವುದು ಬರೀ ಪ್ರಕಟಣೆ. ಗುಂಪುಗಳು ಜಗಳದಿಂದ ಸಾಯುವುದಕ್ಕಿಂತ ಹೀಗೆ ಸಾಯುವುದೇ ಹೆಚ್ಚು ಅಂತ ನನ್ನ ಅಂದಾಜು.

ಮಾಡರೇಟರ್ ಆಗುತ್ತೇನೆ ಅಂತ ತಾವಾಗಿ ಕೇಳಿ ಬರುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡು. ಯಾರೂ ಹೇಳದೆಯೇ ಹೊಸಬರಿಗೆ ಉತ್ತರ ಕೊಡುತ್ತಿರುವವರನ್ನು ನೀನೇ ಕೇಳು. ಬೇರೆ ಬೇರೆ ಹೊತ್ತಿಗೆ ಎಚ್ಚರವಿರುವ ಇಬ್ಬರಾದರೂ ಬೇಕು. ಅವರಿಗೆ ಮೆಸೇಜ್ ಅಳಿಸುವ, ಟೈಮ್‌ಔಟ್ ಕೊಡುವ, ಬ್ಯಾನ್ ಮಾಡುವ ಅನುಮತಿ ಕೊಟ್ಟರೆ ಸಾಕು, ‘ಅಡ್ಮಿನಿಸ್ಟ್ರೇಟರ್’ ಅನ್ನುವ ಪೂರ್ಣಾಧಿಕಾರದ ಅನುಮತಿ ಬೇಡ. ಎರಡು ಹಂತದ ಲಾಗಿನ್ ಕಡ್ಡಾಯ ಮಾಡು. ಇದು ಅಪನಂಬಿಕೆಯಲ್ಲ: ಖಾತೆ ಕಳುವಾದಾಗ ಕಳ್ಳರ ಕೈಗೆ ಸಿಗುವುದು ಆ ಖಾತೆಗಿದ್ದ ಅಧಿಕಾರವೆಲ್ಲ. ‘ಉಚಿತ ಉಡುಗೊರೆ’ ಲಿಂಕ್ ಒತ್ತಿಸುವುದು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ ಲಾಗಿನ್ ಕದಿಯುವುದು ಹಳೆಯ ಉಪಾಯಗಳು, ಈಗಲೂ ಕೆಲಸ ಮಾಡುತ್ತವೆ. ಎಲ್ಲರನ್ನೂ ಒಟ್ಟಿಗೆ ಟ್ಯಾಗ್ ಮಾಡುವ ಅನುಮತಿಯನ್ನು ಸಾಮಾನ್ಯ ಸದಸ್ಯರಿಂದ ಮೊದಲ ದಿನವೇ ತೆಗೆ. ಬಾಟ್ ಸೇರಿಸುವಾಗಲೂ ಅದು ಕೇಳುವ ಅನುಮತಿ ಓದು. ಸಂಗೀತ ನುಡಿಸುವ ಬಾಟ್‌ಗೆ ಬ್ಯಾನ್ ಮಾಡುವ ಅಧಿಕಾರ ಯಾತಕ್ಕೆ?

ಒಮ್ಮೆಲೇ ನೂರಾರು ಖಾತೆಗಳು ನುಗ್ಗಿ ಗಲೀಜು ಸುರಿಯುವುದೂ ಉಂಟು. ಆಗ ಕ್ರಮ ಹೀಗೆ: ಮೊದಲು ಇನ್ವೈಟ್ ಲಿಂಕ್‌ಗಳನ್ನು ನಿಲ್ಲಿಸು. ವೆರಿಫಿಕೇಶನ್ ಮಟ್ಟವನ್ನು ‘ಹೈ’ಗೆ ಏರಿಸು, ಆಗ ಹೊಸದಾಗಿ ಸೇರಿದವರು 10 ನಿಮಿಷ ಬರೆಯಲಾರರು. ಸ್ಲೋ ಮೋಡ್ (ಒಬ್ಬರ ಎರಡು ಮೆಸೇಜ್‌ಗಳ ನಡುವೆ ಕಾಯಬೇಕಾದ ಹೊತ್ತು) 30 ಸೆಕೆಂಡ್ ಇಡು. ಅದನ್ನು 5 ಸೆಕೆಂಡಿನಿಂದ 6 ಗಂಟೆವರೆಗೂ ಇಡಬಹುದು. ಸ್ಕ್ರೀನ್‌ಶಾಟ್ ತೆಗೆದುಕೊಂಡ ಮೇಲೆಯೇ ಬ್ಯಾನ್ ಮಾಡು, ಯಾಕೆಂದರೆ ಬ್ಯಾನ್ ಜೊತೆಗೆ ಹಿಂದಿನ 7 ದಿನಗಳವರೆಗಿನ ಮೆಸೇಜ್ ಅಳಿಸುವ ಆಯ್ಕೆ ಬರುತ್ತದೆ, ಒತ್ತಿದರೆ ಸಾಕ್ಷಿಯೂ ಹೋಯಿತು. ನುಗ್ಗಿದವರಿಗೆ ಒಂದು ಮಾತೂ ಉತ್ತರ ಬೇಡ, ಅವರು ಬಂದಿರುವುದೇ ಅದಕ್ಕೆ.

ಕೊನೆಯದು, ಒಡೆತನ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕಾರಿನೆನ್ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆಯನ್ನು ಬರೆದ ಕಾಲದಿಂದಲೂ ಚಾಟ್ ಕೋಣೆಯ ಕೀಲಿ ಯಾರ ಕೈಯಲ್ಲಿದೆ ಅನ್ನುವುದೇ ದೊಡ್ಡ ತಕರಾರು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಹತೋಟಿಯ ಬಗ್ಗೆ ಜಗಳವೆದ್ದು, ಸಿಬ್ಬಂದಿ ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ಶುರು ಮಾಡಿದಾಗ ಎಷ್ಟೋ ಸಾಫ್ಟ್‌ವೇರ್ ಯೋಜನೆಗಳ ಚಾನೆಲ್‌ಗಳು ಕೆಲವೇ ದಿನಗಳಲ್ಲಿ ಅಲ್ಲಿಗೆ ಹೊರಟವು. ಹೊಸ ವಿಳಾಸ ತಿಳಿಸಲು ಅವುಗಳಲ್ಲಿ ಹಲವಕ್ಕೆ ತಮ್ಮದೇ ಬೇರೆ ಜಾಗವಿತ್ತು. ಡಿಸ್ಕಾರ್ಡ್‌ನಲ್ಲಿ ಸರ್ವರ್‌ನ (ಗುಂಪಿಗೆ ಅಲ್ಲಿರುವ ಹೆಸರು ಅದು) ಮಾಲೀಕ ಖಾತೆ ಒಂದೇ. ಅದು ಹೋದರೆ ಉಳಿದವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಆ ಖಾತೆಯ ಬ್ಯಾಕಪ್ ಕೋಡ್‌ಗಳನ್ನು (ಫೋನ್ ಕಳೆದರೂ ಲಾಗಿನ್ ಆಗಲು ನೆರವಾಗುವಂಥವು) ಕಾಗದದ ಮೇಲೆ ಬರೆದು, ನಂಬುವ ಇನ್ನೊಬ್ಬರ ಬಳಿ ಮುಚ್ಚಿದ ಲಕೋಟೆಯಲ್ಲಿ ಇಡು. ಇಷ್ಟಪಟ್ಟು ಕೊಟ್ಟವರ ಇಮೇಲ್ ಪಟ್ಟಿಯನ್ನು ಡಿಸ್ಕಾರ್ಡಿನ ಹೊರಗೆ ಇಟ್ಟುಕೊ. ಪಿನ್ ಮಾಡಿದ ಉತ್ತರಗಳನ್ನು ತಿಂಗಳಿಗೊಮ್ಮೆ ಬೇರೆ ಕಡೆ ನಕಲು ಮಾಡಿಡು.

ಯಾರ್ಯಾರನ್ನು ಮೊದಲು ಕರೆಯುತ್ತೀಯ, ಯಾವ ಹೊತ್ತು ಗೊತ್ತಾಯಿತು ಅಂತ ಬರೆ. ರೋಲ್‌ಗಳ (ಅಡ್ಮಿನ್, ಮಾಡರೇಟರ್, ಸದಸ್ಯ ಅನ್ನುವ ದರ್ಜೆಗಳ) ಅನುಮತಿಪಟ್ಟಿ ಸಿದ್ಧವಾದರೆ ಅದನ್ನೂ ಕಳಿಸು, ಲಿಂಕ್ ಹಂಚುವ ಮೊದಲು ಒಮ್ಮೆ ಕಣ್ಣಾಡಿಸುತ್ತೇನೆ.

ಇಂತಿ ನಿನ್ನ,
ಗೆಳೆಯ