ಲೆಕ್ಕ ಕೇಳಿದವರಿಗೆ ಥ್ಯಾಂಕ್ಸ್

ಶಿವಮೊಗ್ಗದ ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘದ ವಾರ್ಷಿಕ ಸಭೆ ಶನಿವಾರ ಮುಗಿಯಿತು. ಲೆಕ್ಕಪತ್ರ ಪಾಸಾಯಿತು. ನಗದು ಪುಸ್ತಕ, ಪಾಸ್‌ಬುಕ್, ಚೆಕ್‌ಬುಕ್, ಅರ್ಧ ಮುಗಿದ ರಶೀದಿ ಪುಸ್ತಕ, ವೋಚರ್ ಫೈಲು, ಎಲ್ಲವನ್ನೂ ಹೊಸ ಖಜಾಂಚಿ ಕೈಗೆ ಕೊಟ್ಟೆ. ಕೊಟ್ಟಿದ್ದಕ್ಕೂ ಒಂದು ಸಹಿ ಹಾಕಿಸಿಕೊಂಡೆ. ಒಂದು ವರ್ಷದ ಚಾಳಿ, ಅಷ್ಟು ಬೇಗ ಬಿಡುವುದಿಲ್ಲ.

ಸಭೆಯ ಕೊನೆಯಲ್ಲಿ ವಂದನಾರ್ಪಣೆ ಆಯಿತು. ಅತಿಥಿಗಳು, ಪ್ರಾಂಶುಪಾಲರು, ಮೈಕ್‌ನವರು, ಎಲ್ಲರ ಹೆಸರೂ ಬಂತು. ನನ್ನ ಪಟ್ಟಿ ಸ್ವಲ್ಪ ಬೇರೆ. ಅದರಲ್ಲಿ ಇರುವವರು ವೇದಿಕೆ ಹತ್ತಿದವರಲ್ಲ. ಕೆಲವರು ನನ್ನ ಜೊತೆ ಜಗಳ ಆಡಿದವರು ಕೂಡ.

ಮೊದಲ ಥ್ಯಾಂಕ್ಸ್ ಆಫೀಸಿನ ಅಕೌಂಟ್ಸ್ ಮೇಡಂಗೆ. 'ನೀನು ಕಾಮರ್ಸ್ ಅಲ್ವಾ, ನೀನೇ ಖಜಾಂಚಿ ಆಗು' ಎಂದು ಎಲ್ಲರೂ ಸೇರಿ ನನ್ನನ್ನು ನಿಲ್ಲಿಸಿದರು. ಡೆಬಿಟ್ ಕ್ರೆಡಿಟ್ ಬರುತ್ತಿತ್ತು, ನಿಜ. ಆದರೆ ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಜ್ಜಿಯ ಹತ್ತಿರ ಬಿಲ್ ಹೇಗೆ ಕೇಳುವುದು ಎಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮೇಡಂ ಹೇಳಿದ್ದು ಇಷ್ಟು: 'ಅಜ್ಜಿ ಬಿಲ್ ಕೊಡಲ್ಲ. ನೀನು ವೋಚರ್ ಬರಿ. ಏನು ತಂದೆ, ಯಾವತ್ತು, ಎಷ್ಟು, ಯಾಕೆ. ತಂದವನ ಸಹಿ ಒಂದು, ಜೊತೆಗೆ ಹೋದವನ ಸಹಿ ಇನ್ನೊಂದು. ಅವತ್ತೇ ಬರಿ.' ಆ 'ಅವತ್ತೇ' ಅನ್ನುವುದೇ ಮುಖ್ಯ. ವಾರ ಬಿಟ್ಟು ಬರೆದರೆ ಹೂವಿಗೆ ಕೊಟ್ಟಿದ್ದು 180 ರೂಪಾಯಿಯೋ 280 ರೂಪಾಯಿಯೋ ಎಂದು ದೇವರಿಗೂ ನೆನಪಿರುವುದಿಲ್ಲ.

ಕೈಗೆ ನಗದು ಕೊಡುವಾಗ 5000 ರೂಪಾಯಿ ದಾಟಿದರೆ ರಶೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಬೇಕು ಎಂದು ಹೇಳಿಕೊಟ್ಟವರೂ ಅವರೇ. ಸಾಗರದ ಕಡೆಯಿಂದ ಬಂದ ಡೊಳ್ಳಿನ ತಂಡಕ್ಕೆ ಸಂಭಾವನೆ ಕೊಡುವ ಹೊತ್ತಿಗೆ ನನ್ನ ಹತ್ತಿರ ಸ್ಟಾಂಪ್ ಖಾಲಿ. ಮೇಡಂ ತಮ್ಮ ಪರ್ಸಿನಿಂದ ಒಂದು ತೆಗೆದು ಕೊಟ್ಟರು. ಆ 1 ರೂಪಾಯಿ ಎಷ್ಟು ಸಲ ಕೊಡಲು ಹೋದರೂ ತೆಗೆದುಕೊಂಡಿಲ್ಲ. ಹಾಗಾಗಿ ಅದು ಯಾವ ಲೆಕ್ಕದಲ್ಲೂ ಇಲ್ಲ. ಇಲ್ಲಿ ಬರೆದಿದ್ದೇನೆ, ಇದೇ ಅದರ ರಶೀದಿ.

ಅವರ ಇನ್ನೊಂದು ಪಾಠ ನಮ್ಮನ್ನು ನಿಜವಾಗಿ ಉಳಿಸಿತು. ಬರುವ ದುಡ್ಡಿಗೆ ಮೂರು ಕಾಲಂ ಹಾಕಿಸಿದ್ದರು. ಕೊಡುತ್ತೇನೆ ಎಂದದ್ದು, ಕೈಗೆ ಬಂದದ್ದು, ಬ್ಯಾಂಕಿಗೆ ಹಾಕಿದ್ದು. ಖರ್ಚಿಗೆ ಮುಟ್ಟಬೇಕಾದದ್ದು ಮೂರನೆಯ ಕಾಲಂ ಮಾತ್ರ. ಸುಮ್ನೆ ಅತಿ ಮಾಡುತ್ತಾರೆ ಎಂದು ನಮ್ಮ ಸಮಿತಿಯಲ್ಲೇ ಕೆಲವರು ಗೊಣಗಿದ್ದರು. ಆಮೇಲೆ ಜುಲೈ ಬಂತು.

ಪರೀಕ್ಷೆ ಮುಂದೆ ಹೋಗಿದ್ದರಿಂದ ನಮ್ಮ ಕಾರ್ಯಕ್ರಮವೂ ಜುಲೈಗೆ ಹೋಯಿತು. ಮಲೆನಾಡಿನಲ್ಲಿ ಜುಲೈನಲ್ಲಿ ಕಾರ್ಯಕ್ರಮ ಇಡುವ ಧೈರ್ಯ ಕಾಲೇಜು ಹುಡುಗರಿಗೆ ಮಾತ್ರ ಬರುತ್ತದೆ. ಕುವೆಂಪು ರಂಗಮಂದಿರದಲ್ಲಿ ಮಾಡಬೇಕು ಎಂದು ಎಲ್ಲರಿಗೂ ಆಸೆ. ಖಾತೆ ನೋಡಿದ ಮೇಲೆ ಒಂದು ಸಣ್ಣ ಸಮುದಾಯ ಭವನ ಹಿಡಿದೆವು. ಬೆಳಿಗ್ಗೆ ಡೊಳ್ಳು, ಮಧ್ಯಾಹ್ನ ಊಟ, ಸಂಜೆ ಯಕ್ಷಗಾನ. ಭವನಕ್ಕೆ ಬಾಡಿಗೆ ಮತ್ತು ಠೇವಣಿ, ಅಡುಗೆಯವರಿಗೆ ಮುಂಗಡ, ಮೈಕಿಗೆ ಮುಂಗಡ, ಎಲ್ಲ ಕೊಟ್ಟಾಗಿತ್ತು. ಹಿಂದಿನ ದಿನ ಸಂಜೆ ಜಿಲ್ಲಾಧಿಕಾರಿಗಳ ಆದೇಶ ಬಂತು. ಭಾರಿ ಮಳೆ, ಶಾಲಾ ಕಾಲೇಜುಗಳಿಗೆ ರಜೆ. ಬೇರೆ ದಿನ ಆಗಿದ್ದರೆ ಕುಣಿದಾಡುತ್ತಿದ್ದೆವು. ಅವತ್ತು ಯಾರಿಗೂ ಮಾತೇ ಹೊರಡಲಿಲ್ಲ.

ನಾನು ಫೋನ್ ಮಾಡಲು ಕೂತೆ. ಭವನದ ಮ್ಯಾನೇಜರಿಗೆ ಮೊದಲು. ಮಳೆ ಅಂದರೆ ಏನು ಎಂದು ಅವರಿಗೆ ವಿವರಿಸಬೇಕಾಗಲಿಲ್ಲ. 'ಬಾಡಿಗೆ ಹಾಗೇ ಇರಲಿ. ಖಾಲಿ ಇರುವ ದಿನ ಹೇಳ್ತೀನಿ, ಬಂದು ಮಾಡಿಕೊಳ್ಳಿ' ಎಂದರು. ಹಾಗೆ ಹೇಳಿದ್ದನ್ನೇ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಯೂ ಕೊಟ್ಟರು. ಕೇಳುವಾಗ ನನಗೇ ಸಂಕೋಚ ಆಗಿತ್ತು. ಅವರಿಗೆ ಆಗಲಿಲ್ಲ. ಮೈಕಿನ ಅಣ್ಣ 'ಮುಂಗಡ ನನ್ನ ಹತ್ರ ಇದ್ರೂ ಒಂದೇ, ನಿಮ್ಮ ಹತ್ರ ಇದ್ರೂ ಒಂದೇ' ಎಂದು ಫೋನ್ ಇಟ್ಟರು.

ಅಡುಗೆಯವರದು ಮಾತ್ರ ಕಷ್ಟ. 'ತರಕಾರಿ ತಂದಾಗಿದೆ ಮಾರಾಯ, ಇದನ್ನ ಏನು ಮಾಡ್ಲಿ?' ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟಿದ್ದು ನಮ್ಮ ಹಾಸ್ಟೆಲ್ ವಾರ್ಡನ್. ತಂದ ಬೆಲೆಗೇ ಮೆಸ್ಸಿಗೆ ತೆಗೆದುಕೊಂಡರು, ಬಿಲ್ ಸಮೇತ. ಆ ವಾರವಿಡೀ ಹಾಸ್ಟೆಲಿನಲ್ಲಿ ಕುಂಬಳಕಾಯಿ ಹುಳಿ, ಕುಂಬಳಕಾಯಿ ಪಲ್ಯ, ಮತ್ತೆ ಕುಂಬಳಕಾಯಿ ಹುಳಿ. ಬೈಯುತ್ತಲೇ ತಿಂದು ಸಂಘದ ಸಾಲ ತಪ್ಪಿಸಿದ ಗೆಳೆಯರಿಗೆಲ್ಲ ಥ್ಯಾಂಕ್ಸ್.

ಮುಂದಿನ ಪೆಟ್ಟು ಪ್ರಾಯೋಜಕರದು. ಒಂದು ಅಂಗಡಿಯವರು 20,000 ರೂಪಾಯಿ ಕೊಡುತ್ತೇವೆ ಎಂದಿದ್ದರು. ಆಮಂತ್ರಣದಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ತಾರೀಖು ಮುಂದೆ ಹೋದ ಮೇಲೆ ಅವರ ಮಾತು ಬದಲಾಯಿತು. ಮೊದಲು ನಾಳೆ, ಆಮೇಲೆ ಮುಂದಿನ ವಾರ, ಕೊನೆಗೆ ಫೋನೇ ಎತ್ತಲಿಲ್ಲ. ಅವರ ಮೇಲೆ ಸಿಟ್ಟಿದೆ. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಆ ದುಡ್ಡು ಮೊದಲನೆಯ ಕಾಲಮ್ಮಿನಲ್ಲೇ ಇತ್ತು. ಅದನ್ನು ನಂಬಿ ನಾವು ಯಾರಿಗೂ ಏನೂ ಒಪ್ಪಿಕೊಂಡಿರಲಿಲ್ಲ. ಹೋಗಿದ್ದು ಯಕ್ಷಗಾನದ ಕನಸು ಮಾತ್ರ. ವೇಷಭೂಷಣದ ಬಾಡಿಗೆ, ಬಣ್ಣದವರು, ರಂಗಸ್ಥಳ, ಎಲ್ಲ ಸೇರಿ ಆ ಮೊತ್ತ ಇಲ್ಲದೆ ಆಗುವಂತಿರಲಿಲ್ಲ.

ಆಗ ತಾಳಮದ್ದಳೆ ಮಾಡಿ ಎಂದು ಸೂಚಿಸಿದವರು ನಮ್ಮ ಭಾಗವತರು. ತೀರ್ಥಹಳ್ಳಿ ಕಡೆಯವರು, ನಮ್ಮ ಒಬ್ಬ ಸದಸ್ಯನಿಗೆ ದೊಡ್ಡಪ್ಪ ಆಗಬೇಕು. 'ಮಳೆಗಾಲದಲ್ಲಿ ನಮ್ಮ ಕಡೆ ಮೊದಲಿಂದ ಮಾಡೋದೇ ಅದು. ಹೊರಗೆ ಆಟ ಆಡಕ್ಕಾಗಲ್ಲ, ಜಗಲಿ ಮೇಲೆ ಕೂತು ಮಾತಾಡ್ತೀವಿ' ಎಂದರು. ವೇಷ ಇಲ್ಲ, ಕುಣಿತ ಇಲ್ಲ. ಹಾಡು, ಮದ್ದಳೆ, ಚೆಂಡೆ, ಅರ್ಥಗಾರಿಕೆ. ಖರ್ಚಿನ ಪಟ್ಟಿ ಅರ್ಧ ಪುಟಕ್ಕೆ ಇಳಿಯಿತು. ಕಲಾವಿದರು ಹೋಗಿ ಬರುವ ಖರ್ಚು ಬಿಟ್ಟು ಏನೂ ಬೇಡ ಎಂದರು. ಸಮಿತಿ ಒಪ್ಪಲಿಲ್ಲ. ಚಿಕ್ಕ ಸಂಭಾವನೆ ಕೊಟ್ಟೆವು. ಬಿಟ್ಟಿ ಮಾಡಿಸಿಕೊಳ್ಳುವುದು ಅಭ್ಯಾಸವಾದರೆ ಮುಂದಿನ ವರ್ಷದ ಬಜೆಟ್ಟೂ ಸುಳ್ಳಾಗುತ್ತದೆ, ಕಲಾವಿದರ ಹೊಟ್ಟೆಯೂ ತುಂಬುವುದಿಲ್ಲ. ಕೊನೆಗೆ ಕಾರ್ಯಕ್ರಮ ನಡೆದ ದಿನವೂ ಮಳೆ ಇತ್ತು. ಡೊಳ್ಳಿನ ಚರ್ಮ ತೇವಕ್ಕೆ ಸಡಿಲ ಆಗಿ, ಅಡುಗೆ ಮನೆ ಒಲೆ ಹತ್ತಿರ ಕಾಯಿಸಿ ತಂದು ಬಾರಿಸಿದರು. ತಾಳಮದ್ದಳೆಯಲ್ಲಿ ಕೃಷ್ಣನೂ ಕೌರವನೂ ಮಾತಿಗೆ ಮಾತು ಸೇರಿಸುವಾಗ ಹಿಂದಿನ ಬೆಂಚಿನ ಹುಡುಗರೂ ಫೋನ್ ಜೇಬಿಗೆ ಹಾಕಿದ್ದರು.

ಸದಸ್ಯತ್ವದ ದುಡ್ಡಿನ ಬಗ್ಗೆ ತರಗತಿ ಪ್ರತಿನಿಧಿಗಳಿಗೆ ಥ್ಯಾಂಕ್ಸ್ ಹೇಳಲೇಬೇಕು. ಸಂಘದ ಖಾತೆಯ ಕ್ಯೂಆರ್ ಕೋಡ್ ಅಂಟಿಸಿದ್ದೆವು, ಯಾರ ಸ್ವಂತ ಖಾತೆಗೂ ದುಡ್ಡು ಬರಬಾರದು ಎಂದು. ಆದರೆ ಅರ್ಧ ಜನ ಕಳಿಸುವುದು ಅಪ್ಪನ ಫೋನಿಂದ, ಅಣ್ಣನ ಫೋನಿಂದ. ಬ್ಯಾಂಕಿನ ಪಟ್ಟಿಯಲ್ಲಿ ಬರುವ ಹೆಸರಿಗೂ ಹಾಜರಿ ಪುಸ್ತಕದ ಹೆಸರಿಗೂ ತಾಳೆಯೇ ಇಲ್ಲ. ಯಾರ ಅಪ್ಪ ಯಾರು ಎಂದು ಕೂತು ಹೊಂದಿಸಿದವರು ಇವರೇ. ಇನ್ನು ಕೆಲವರ ಮನೆಯಲ್ಲಿ ಮಳೆಗಾಲದಲ್ಲಿ ಕೈ ಬಿಗಿ. ತೋಟಕ್ಕೆ ಕೊಳೆ ರೋಗ ಬರಬಾರದು ಎಂದು ಮೈಲುತುತ್ತ, ಸುಣ್ಣ ತಂದು ಬೋರ್ಡೋ ಹೊಡೆಸುವ ಕಾಲ ಅದು. ಔಷಧಿಗೂ ಕೂಲಿಗೂ ಇದ್ದ ದುಡ್ಡೆಲ್ಲ ಹೋಗಿರುತ್ತದೆ. ನಮ್ಮ ಮನೆಯದೂ ಅದೇ ಕಥೆ, ಹಾಗಾಗಿ ಗೊತ್ತು. ಅಂಥವರಿಂದ ಅಡಿಕೆ ಮಾರಿದ ಮೇಲೆ ತೆಗೆದುಕೊಳ್ಳೋಣ ಎಂದು ಪ್ರತಿನಿಧಿಗಳೇ ನಿರ್ಧರಿಸಿದರು. ಯಾರ ಹೆಸರನ್ನೂ ಬಾಯಿ ಬಿಡಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಅಷ್ಟೂ ಬಂತು.

ಒಬ್ಬರು ಹಳೆಯ ವಿದ್ಯಾರ್ಥಿಗೂ ವಿಶೇಷ ಥ್ಯಾಂಕ್ಸ್. ಹಳೆಯ ಫೈಲಿನಲ್ಲಿ ಅವರು ಕೊಟ್ಟ ಚೆಕ್ ಹಾಗೇ ಮಲಗಿತ್ತು. ಚೆಕ್ ನಡೆಯುವುದು ಬರೆದ ದಿನಾಂಕದಿಂದ 3 ತಿಂಗಳು ಮಾತ್ರ. ಇದಕ್ಕೆ ಒಂದು ವರ್ಷ ದಾಟಿತ್ತು. ಅಂಜುತ್ತಾ ಫೋನ್ ಮಾಡಿದರೆ ಅವರು ಜೋರಾಗಿ ನಕ್ಕರು. ಅವತ್ತೇ ಅಷ್ಟೇ ಮೊತ್ತ ಖಾತೆಗೆ ಹಾಕಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕಾರ್ಯಕ್ರಮ ಮುಂದೆ ಹೋಗಿ, ಮತ್ತೆ ನಡೆಯುವವರೆಗಿನ ದಿನಗಳು ನನಗೆ ಚೆನ್ನಾಗಿರಲಿಲ್ಲ. ದುಡ್ಡು ಕಟ್ಟಿದವರಿಗೆ ಕಾರ್ಯಕ್ರಮ ಕಾಣುತ್ತಿಲ್ಲ. ಅದೇ ಹೊತ್ತಿಗೆ ನನ್ನ ಕೈಯಲ್ಲಿ ಹೊಸ ಫೋನ್. ಚಿಕ್ಕಮ್ಮ ಕೊಡಿಸಿದ್ದು. ಆದರೆ ಕ್ಯಾಂಟೀನಿನಲ್ಲಿ ಅದಕ್ಕೆ ಬೇರೆಯೇ ಕಥೆ ಹುಟ್ಟಿತ್ತು. ನನ್ನ ಕಿವಿಗೆ ಬೀಳುವ ಹೊತ್ತಿಗೆ ಅದು ಎರಡು ಕಟ್ಟಡ ದಾಟಿ ಬಂದಿತ್ತು. ಯಾರೂ ಎದುರಿಗೆ ಕೇಳುವುದಿಲ್ಲ. ನಾನು ಹೋದರೆ ಮಾತು ನಿಲ್ಲುತ್ತದೆ. ಕೇಳದೇ ಇರುವ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ? ನಾನಾಗಿಯೇ 'ನಾನು ಕದ್ದಿಲ್ಲ' ಎಂದು ಹೇಳಿಕೊಂಡು ತಿರುಗಿದರೆ ಕದ್ದವನ ಹಾಗೇ ಕಾಣುತ್ತೇನೆ.

ಆಗ ಎದ್ದು ನಿಂತಿದ್ದು ಎರಡನೇ ವರ್ಷದ ಒಬ್ಬ ಹುಡುಗಿ. ತುಂಬಿದ ಸಭೆಯಲ್ಲಿ, 'ಆಟೋಗೆ 340 ರೂಪಾಯಿ ಅಂತ ಇದೆ. ದುರ್ಗಿಗುಡಿಗೆ ಹೋಗಿ ಬರಲು ಅಷ್ಟು ಯಾಕೆ? ಬ್ಯಾಂಕಿನಲ್ಲಿ ಈಗ ಎಷ್ಟಿದೆ? ಮುಂಗಡ ಯಾರ ಹತ್ತಿರ ಎಷ್ಟಿದೆ?' ಎಂದು ಕೇಳಿದಳು. ಸಭೆಯಲ್ಲಿ ಒಂದು ಥರ ಗುಸುಗುಸು. ನನ್ನ ಗೆಳೆಯರು 'ಏನಮ್ಮಾ, ನಂಬಿಕೆ ಇಲ್ವಾ?' ಎಂದು ಎದ್ದರು. ನಾನು ಅವರನ್ನು ಕೂರಿಸಿದೆ. ಫೈಲು ನನ್ನ ಹತ್ತಿರವೇ ಇತ್ತು. ಆಟೋ ವೋಚರ್ ತೆಗೆದೆ. ಡೊಳ್ಳುಗಳನ್ನು ಹೇರಿಕೊಂಡು ಎರಡು ಆಟೋದಲ್ಲಿ ಹೋಗಿದ್ದು, ಇಬ್ಬರ ಸಹಿ ಇತ್ತು. ಪಾಸ್‌ಬುಕ್ಕು, ಭವನದ ಮ್ಯಾನೇಜರ್ ಕೊಟ್ಟ ಚೀಟಿ, ಮೆಸ್ಸಿನ ಬಿಲ್, ಒಂದೊಂದೇ ಅವಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿ, 'ಸರಿ ಇದೆ. ಇದನ್ನೇ ತಿಂಗಳಿಗೊಂದು ಸಲ ನೋಟಿಸ್ ಬೋರ್ಡಿಗೆ ಹಾಕಿ ಅಣ್ಣಾ' ಎಂದಳು. ಹಾಕಿದೆವು. ಕ್ಯಾಂಟೀನಿನ ಕಥೆ ಆ ವಾರವೇ ಸತ್ತಿತು.

ಅವತ್ತು ನನ್ನ ಪರವಾಗಿ ಎದ್ದ ಗೆಳೆಯರ ಮೇಲೆ ಪ್ರೀತಿ ಇದೆ. ಆದರೆ ನನ್ನನ್ನು ಉಳಿಸಿದ್ದು ಅವರಲ್ಲ, ಆ ಹುಡುಗಿ. 'ನಂಬಿಕೆ ಇದೆ, ಲೆಕ್ಕ ಯಾಕೆ' ಅನ್ನುವವರು ಒಳ್ಳೆಯವರೇ. ಆದರೆ ಅವರ ನಂಬಿಕೆಯನ್ನು ಇನ್ನೊಬ್ಬರಿಗೆ ತೋರಿಸಲು ಆಗುವುದಿಲ್ಲ. ಅವಳು ಓದಿ ಸರಿ ಇದೆ ಎಂದದ್ದನ್ನು ಇಡೀ ಸಭೆ ಕೇಳಿತ್ತು. ನಮ್ಮ ಅಜ್ಜ ಊರಿನ ದೇವಸ್ಥಾನದ ಲೆಕ್ಕ ಬರೆಯುತ್ತಿದ್ದರು. ಜಾತ್ರೆ ಮುಗಿದ ಮೇಲೆ ಊರವರನ್ನು ಕೂರಿಸಿ ಪೂರ್ತಿ ಓದುತ್ತಿದ್ದರು, ಕರ್ಪೂರದಿಂದ ಹಿಡಿದು. ಯಾರೂ ಏನೂ ಕೇಳದಿದ್ದರೆ ಅಜ್ಜನಿಗೆ ಬೇಜಾರು. ಅದು ಯಾಕೆ ಎಂದು ನನಗೆ ಈ ಜುಲೈವರೆಗೂ ಹೊಳೆದಿರಲಿಲ್ಲ.

ಅಧ್ಯಕ್ಷನಿಗೆ ಬೇರೆ ಥ್ಯಾಂಕ್ಸ್ ಬೇಡ, ಆದರೂ ಹೇಳುತ್ತೇನೆ. ಚೆಕ್ಕಿಗೆ ಇಬ್ಬರ ಸಹಿ ಬೇಕಿತ್ತು. ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿ ಕೊಡು ಎಂದು ನಾನು ತಮಾಷೆಗೆ ಕೇಳಿದರೂ ಅವನು ಒಂದು ಸಲವೂ ಹಾಕಲಿಲ್ಲ. ಊರಿಗೆ ಹೋಗಿದ್ದವನು ಒಂದು ಸಹಿಗಾಗಿ ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದಾನೆ.

ಭವನದ ಠೇವಣಿ ಪೂರ್ತಿ ವಾಪಸ್ ಬಂದು ಖಾತೆ ಸೇರಿದೆ. ಉಳಿಕೆ ಎಷ್ಟು ಎಂಬುದು ನೋಟಿಸ್ ಬೋರ್ಡಿನಲ್ಲಿದೆ, ಬಂದು ನೋಡಿ. ಡೊಳ್ಳಿನ ತಂಡವನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದವರಲ್ಲಿ ಇಬ್ಬರಿಗೆ ಪೆಟ್ರೋಲ್ ದುಡ್ಡು ಕೊಡುವುದು ಬಾಕಿ ಇದೆ. ನೀವು ಕೇಳಿಲ್ಲ, ಆದರೆ ಪುಸ್ತಕದಲ್ಲಿ ಬಾಕಿ ಎಂದೇ ಬರೆದಿದ್ದೇನೆ. ಹೊಸ ಖಜಾಂಚಿ ಹತ್ತಿರ ಹೋಗಿ ತೆಗೆದುಕೊಳ್ಳಿ. ಬಂಕಿನ ಚೀಟಿ ಇಲ್ಲದೆ ಮಾತ್ರ ಹೋಗಬೇಡಿ. ಆಟೋ ಖರ್ಚು 340 ಯಾಕೆ ಎಂದು ಕೇಳಿದ ಹುಡುಗಿಯೇ ಈಗ ಖಜಾಂಚಿ.